ಸೆನ್ಸರ್ ಜಾಲದ ಬ್ಯಾಟರಿ ಎಲ್ಲಿ ಖಾಲಿಯಾಗುತ್ತದೆ?

ತುಮಕೂರು ಜಿಲ್ಲೆಯ ಪಾವಗಡ ಮಳೆ ಕಮ್ಮಿ ಬೀಳುವ ತಾಲ್ಲೂಕು. ಅಲ್ಲಿನ ಚೆನ್ನಕೇಶವಪುರದಲ್ಲಿ 2000ರ ದಶಕದ ಮಧ್ಯಭಾಗದಲ್ಲಿ ಒಂದು ಪ್ರಯೋಗ ನಡೆಯಿತು. ಹೆಸರು ಕಾಮನ್‌ಸೆನ್ಸ್ ನೆಟ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ತಾಂತ್ರಿಕ ವಿಶ್ವವಿದ್ಯಾಲಯ ಇಪಿಎಫ್ಎಲ್ ಎರಡೂ ಸೇರಿ ಹೊಲಗಳಲ್ಲಿ ಮಣ್ಣಿನ ತೇವ ಅಳೆಯುವ ಪುಟ್ಟ ಸಾಧನಗಳನ್ನು ನೆಟ್ಟಿದ್ದವು. ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತುವ ರೈತನಿಗೆ ಬೇರಿನ ಹತ್ತಿರ ತೇವ ಎಷ್ಟು ಉಳಿದಿದೆ ಎಂದು ಗೊತ್ತಾದರೆ ಅದು ದೊಡ್ಡ ಸಹಾಯ. ಬಾವಿಯಲ್ಲೋ ಹೊಂಡದಲ್ಲೋ ಇರುವ ಒಂದಿಷ್ಟು ನೀರನ್ನು ಯಾವ ದಿನ ಬಿಡಬೇಕು ಎಂದು ನಿರ್ಧರಿಸಬಹುದು.

ಇಂಥ ಸಾಧನಕ್ಕೆ ಹೊಲದಲ್ಲಿ ತಂತಿ ಎಳೆಯಲಾಗದು. ಕರೆಂಟ್ ಕನೆಕ್ಷನ್ ಇಲ್ಲ. ಇರುವುದು ಒಂದು ಸೆನ್ಸರ್, ಸಣ್ಣ ಪ್ರೊಸೆಸರ್, ಒಂದು ರೇಡಿಯೋ ಮತ್ತು ಬ್ಯಾಟರಿ. ಈ ನಾಲ್ಕೂ ಸೇರಿದ ಸಾಧನವನ್ನು ನೋಡ್ ಎನ್ನುತ್ತಾರೆ. ಒಂದು ನೋಡ್‌ನ ರೇಡಿಯೋ ಬಹಳ ದೂರ ಮುಟ್ಟುವುದಿಲ್ಲ. ಹಾಗಾಗಿ ದೂರದ ನೋಡ್ ತನ್ನ ಅಳತೆಯನ್ನು ಪಕ್ಕದ ನೋಡ್‌ಗೆ ಕೊಡುತ್ತದೆ, ಅದು ಮುಂದಿನದಕ್ಕೆ, ಕೊನೆಗೆ ಎಲ್ಲವೂ ಮಾಹಿತಿ ಒಟ್ಟುಗೂಡುವ ಜಾಗವಾದ ಬೇಸ್ ಸ್ಟೇಷನ್ ಸೇರುತ್ತದೆ. ಯಾರು ಯಾರ ಮೂಲಕ ದಾಟಿಸಬೇಕು ಎಂದು ತೀರ್ಮಾನಿಸುವುದೇ ರೂಟಿಂಗ್.

ಇಂಟರ್ನೆಟ್‌ನಲ್ಲೂ ರೂಟಿಂಗ್ ಇದೆ. ಆದರೆ ಅಲ್ಲಿನ ರೂಟರ್ ಗೋಡೆಯ ಪ್ಲಗ್ಗಿಗೆ ಅಂಟಿಕೊಂಡಿರುತ್ತದೆ. ಅದಕ್ಕೆ ವೇಗದ ಚಿಂತೆ ಇದೆ, ಕರೆಂಟಿನ ಚಿಂತೆ ಇಲ್ಲ. ಹೊಲದ ನೋಡ್‌ಗೆ ಎರಡು ಪೆನ್ಸಿಲ್ ಸೆಲ್ಲೇ ಆಯುಷ್ಯ. ಸೆಲ್ ಮುಗಿದರೆ ನೋಡ್ ಮುಗಿಯಿತು, ಅದರ ಮೂಲಕ ದಾಟುತ್ತಿದ್ದ ಬೇರೆಯವರ ಮಾಹಿತಿಯೂ ನಿಂತಿತು. ನೂರು ನೋಡ್‌ಗಳ ಸೆಲ್ ಬದಲಿಸಲು ಹೊಲ ಪೂರ್ತಿ ಅಲೆಯಬೇಕು ಅಂದರೆ ವೈರ್‌ಲೆಸ್ ಮಾಡಿ ಏನು ಬಂತು?

ಆದ್ದರಿಂದಲೇ ಇಪ್ಪತ್ತೈದು ವರ್ಷಗಳಿಂದ ಕಡಿಮೆ ಶಕ್ತಿಯ ರೂಟಿಂಗ್ ಬಗ್ಗೆ ಸಂಶೋಧನೆಯ ಹೊಳೆಯೇ ಹರಿದಿದೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಕೊನೆ ವರ್ಷದ ಪ್ರಾಜೆಕ್ಟ್‌ಗೆ ಇದನ್ನೇ ಆರಿಸಿಕೊಳ್ಳುವವರು ಜಾಸ್ತಿ. ಅವರಿಗೂ, ಕುತೂಹಲ ಇರುವ ಬೇರೆಯವರಿಗೂ ಒಂದು ಮಾತು ಸ್ಪಷ್ಟವಾಗಿ ಹೇಳಬೇಕಿದೆ. ಬಹುಪಾಲು ಪಾಠಗಳು ಒಳ್ಳೆಯ ದಾರಿ ಹುಡುಕುವುದರಿಂದ ಶುರುವಾಗಿ ಅಲ್ಲೇ ಮುಗಿಯುತ್ತವೆ. ನಿಜವಾದ ಜಾಲದಲ್ಲಿ ಬ್ಯಾಟರಿಯ ದೊಡ್ಡ ಪಾಲು ಹೋಗುವುದು ಬೇರೆ ಕಡೆ. ಯಾರಾದರೂ ಕರೆಯುತ್ತಾರೇನೋ ಎಂದು ರೇಡಿಯೋ ತೆರೆದಿಟ್ಟು ಕಾಯುವುದರಲ್ಲಿ.

ಮೊದಲು ಪಾಠದ ಲೆಕ್ಕವನ್ನೇ ನೋಡೋಣ. ಅದೂ ಸುಳ್ಳಲ್ಲ, ಅರ್ಧ ಸತ್ಯ.

ನೂರು ಮೀಟರ್ ದಾಟುವುದು ಹೇಗೆ?

ರೇಡಿಯೋ ಸಿಗ್ನಲ್ ದೂರ ಹೋದಂತೆ ಹರಡಿ ತೆಳುವಾಗುತ್ತದೆ. ಬಯಲಲ್ಲಿ ದೂರ ಎರಡು ಪಟ್ಟಾದರೆ ಬೇಕಾಗುವ ಶಕ್ತಿ ನಾಲ್ಕು ಪಟ್ಟು. ನೆಲಕ್ಕೆ ಹತ್ತಿರ ಇದ್ದರೆ, ಗಿಡಮರ ಅಡ್ಡ ಇದ್ದರೆ ಇನ್ನೂ ಹೆಚ್ಚು. ಹಾಗಾದರೆ ಒಂದೇ ಉದ್ದ ಜಿಗಿತಕ್ಕಿಂತ ಹಲವು ಸಣ್ಣ ಜಿಗಿತ ಒಳ್ಳೆಯದು ಅಲ್ವಾ?

ಇದನ್ನು ಅಂಕಿಯಲ್ಲಿ ನೋಡಬಹುದು. 2000ರಲ್ಲಿ ಎಂಐಟಿಯ ವೆಂಡಿ ಹೈನ್ಜೆಲ್‌ಮನ್, ಅನಂತ ಚಂದ್ರಕಾಸನ್, ಹರಿ ಬಾಲಕೃಷ್ಣನ್ ಮಂಡಿಸಿದ ಪ್ರಬಂಧದಲ್ಲಿ ಒಂದು ಸರಳ ರೇಡಿಯೋ ಮಾದರಿ ಇದೆ. ಇವತ್ತಿಗೂ ಬಹಳ ಮಂದಿ ಅದನ್ನೇ ಬಳಸುತ್ತಾರೆ. ಪ್ರತಿ ಬಿಟ್ ಕಳಿಸಲು ರೇಡಿಯೋದ ಸರ್ಕ್ಯೂಟ್‌ಗೆ 50 ನ್ಯಾನೋಜೌಲ್ ಬೇಕು. ಬಿಟ್ ಸ್ವೀಕರಿಸಲೂ ಅಷ್ಟೇ. ಇದರ ಮೇಲೆ, ಗಾಳಿಯಲ್ಲಿ ದೂರ ತಲುಪಿಸಲು ಪ್ರತಿ ಬಿಟ್‌ಗೆ 100 ಪಿಕೋಜೌಲ್ ಅನ್ನು ಮೀಟರ್‌ನಲ್ಲಿ ಅಳೆದ ದೂರದ ವರ್ಗದಿಂದ ಗುಣಿಸಬೇಕು.

2000 ಬಿಟ್‌ನ ಒಂದು ಪ್ಯಾಕೆಟ್, ಅಂದರೆ ಒಂದು ಸಲಕ್ಕೆ ಕಳಿಸುವ ಮಾಹಿತಿಯ ಕಟ್ಟು, ನೂರು ಮೀಟರ್ ದಾಟಬೇಕು ಎಂದುಕೊಳ್ಳಿ. ಒಂದೇ ಜಿಗಿತದಲ್ಲಿ ಕಳಿಸಿದರೆ ಸರ್ಕ್ಯೂಟ್‌ಗೆ 0.1 ಮಿಲಿಜೌಲ್, ಗಾಳಿಗೆ 2 ಮಿಲಿಜೌಲ್. ಒಟ್ಟು 2.1. ನಡುವೆ ಒಂದು ನೋಡ್ ಇಟ್ಟು ಐವತ್ತು ಮೀಟರ್‌ನ ಎರಡು ಜಿಗಿತ ಮಾಡಿದರೆ? ಪ್ರತಿ ಸಲ ಕಳಿಸಲು 0.6, ನಡುವಿನ ನೋಡ್ ಸ್ವೀಕರಿಸಲು 0.1. ಒಟ್ಟು 1.3 ಮಿಲಿಜೌಲ್. ಒಳ್ಳೆಯ ಉಳಿತಾಯ. ಇಪ್ಪತ್ತೈದು ಮೀಟರ್‌ನ ನಾಲ್ಕು ಜಿಗಿತಕ್ಕೆ 1.2. ಇಲ್ಲಿ ಉಳಿತಾಯ ಆಗಲೇ ಸಪ್ಪೆಯಾಯಿತು. ಹತ್ತು ಮೀಟರ್‌ನ ಹತ್ತು ಜಿಗಿತ ಮಾಡಿದರೆ ಮತ್ತೆ 2.1 ಮಿಲಿಜೌಲ್! ಶುರು ಮಾಡಿದ ಕಡೆಗೇ ಬಂದು ನಿಂತೆವು.

ಕಾರಣ ಸರಳ. ಜಿಗಿತ ಚಿಕ್ಕದಾದಂತೆ ಗಾಳಿಯ ಖರ್ಚು ಇಳಿಯುತ್ತದೆ. ಆದರೆ ಪ್ರತಿ ಜಿಗಿತಕ್ಕೂ ಒಂದು ಕಳಿಸುವ ಸರ್ಕ್ಯೂಟ್, ಒಂದು ಸ್ವೀಕರಿಸುವ ಸರ್ಕ್ಯೂಟ್ ಎದ್ದು ಕೂರಬೇಕು. ಆ ಖರ್ಚು ದೂರಕ್ಕೆ ಸಂಬಂಧವೇ ಇಲ್ಲದ್ದು. ಈ ಮಾದರಿಯ ಲೆಕ್ಕದಲ್ಲಿ ಮೂರು ನಾಲ್ಕು ಜಿಗಿತ ಚೆನ್ನ, ಅದಕ್ಕಿಂತ ಹೆಚ್ಚಾದರೆ ದಂಡ.

ಈಗ ಕಾಗದ ಬಿಟ್ಟು ಅಂಗಡಿಯಲ್ಲಿ ಸಿಗುವ ರೇಡಿಯೋ ಚಿಪ್ ಕೈಗೆ ತೆಗೆದುಕೊಳ್ಳೋಣ. ಸಿಸಿ2420 ಎಂಬ ಚಿಪ್ ಸೆನ್ಸರ್ ಜಾಲದ ಪ್ರಯೋಗಗಳಲ್ಲಿ ವರ್ಷಗಟ್ಟಲೆ ದುಡಿದದ್ದು. ಟೆಲೋಸ್‌ಬಿ ಎಂಬ ನೋಡ್ ಬಳಸಿದವರಿಗೆಲ್ಲ ಪರಿಚಯದ್ದೇ. ಅದರ ಡೇಟಾಶೀಟ್ ಹೀಗೆ ಹೇಳುತ್ತದೆ. ಪೂರ್ತಿ ಜೋರಾಗಿ ಕಳಿಸುವಾಗ 17.4 ಮಿಲಿಆಂಪಿಯರ್. ತೀರಾ ಮೆಲ್ಲಗೆ, ಅಂದರೆ ಮುನ್ನೂರು ಪಟ್ಟು ಕಡಿಮೆ ಸಿಗ್ನಲ್‌ನಲ್ಲಿ ಕಳಿಸುವಾಗ 8.5 ಮಿಲಿಆಂಪಿಯರ್. ಸಿಗ್ನಲ್ ಮುನ್ನೂರು ಪಟ್ಟು ಇಳಿದರೂ ಬ್ಯಾಟರಿ ಖರ್ಚು ಇಳಿದದ್ದು ಅರ್ಧದಷ್ಟು ಮಾತ್ರ. ಸಣ್ಣ ಜಿಗಿತದಿಂದ ಸಿಗುತ್ತದೆ ಎಂದುಕೊಂಡ ಲಾಭ ಇಲ್ಲಿ ಬಹುಪಾಲು ಕರಗಿಹೋಯಿತು.

ಸ್ವೀಕರಿಸುವಾಗ ಎಷ್ಟು ಗೊತ್ತಾ? 18.8 ಮಿಲಿಆಂಪಿಯರ್. ಮಾತಾಡುವುದಕ್ಕಿಂತ ಕೇಳಿಸಿಕೊಳ್ಳುವುದೇ ದುಬಾರಿ. ಕೇಳಲು ಏನೂ ಇಲ್ಲದೆ ಸುಮ್ನೆ ಕಿವಿ ತೆರೆದು ಕೂತಿದ್ದರೂ ಹೆಚ್ಚು ಕಡಿಮೆ ಅಷ್ಟೇ ಖರ್ಚು. ದುರ್ಬಲ ಸಿಗ್ನಲ್ ಹಿಡಿದು, ಗದ್ದಲದಿಂದ ಬೇರ್ಪಡಿಸಿ, ಬಿಟ್‌ಗಳನ್ನಾಗಿ ಮಾಡುವ ಸರ್ಕ್ಯೂಟ್ ಪೂರ್ತಿ ಎಚ್ಚರ ಇರಲೇಬೇಕು.

ಒಂದು ದಿನದ ಲೆಕ್ಕ

ಐದು ನಿಮಿಷಕ್ಕೊಮ್ಮೆ ಒಂದು ಪ್ಯಾಕೆಟ್ ಕಳಿಸುವ ನೋಡ್ ಇದೆ ಎಂದುಕೊಳ್ಳಿ. ದಿನಕ್ಕೆ 288 ಪ್ಯಾಕೆಟ್. ಈ ಚಿಪ್ ಸೆಕೆಂಡಿಗೆ 250 ಕಿಲೋಬಿಟ್ ಕಳಿಸುತ್ತದೆ, ಅತಿ ದೊಡ್ಡ ಪ್ಯಾಕೆಟ್ 127 ಬೈಟ್. ಅದಕ್ಕೆ ಹಿಡಿಯುವ ಸಮಯ ಸುಮಾರು 4 ಮಿಲಿಸೆಕೆಂಡ್. ಇಡೀ ದಿನದಲ್ಲಿ ನೋಡ್ ನಿಜವಾಗಿ ಮಾತಾಡಿದ್ದು ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ದಿನಕ್ಕೆ 86,400 ಸೆಕೆಂಡ್ ಇದೆ. ಉಳಿದ 86,398 ಸೆಕೆಂಡ್ ರೇಡಿಯೋ ಏನು ಮಾಡುತ್ತಿತ್ತು ಎಂಬುದೇ ಪ್ರಶ್ನೆ.

ಯಾವಾಗ ಬಸ್ ಬರುತ್ತದೋ ಗೊತ್ತಿಲ್ಲದ ಊರಿನ ಸ್ಟಾಪ್‌ನಲ್ಲಿ ನಿಂತ ಹಾಗೆ ಅದು ಕಾಯುತ್ತಿತ್ತು. ಪಕ್ಕದ ನೋಡ್ ಯಾವ ಕ್ಷಣದಲ್ಲಾದರೂ ಪ್ಯಾಕೆಟ್ ಕೊಡಬಹುದು. ಆಗ ರೇಡಿಯೋ ಮಲಗಿದ್ದರೆ ಪ್ಯಾಕೆಟ್ ಹೋಯಿತು.

ಹೀಗೆ ಕಾದರೆ ಬ್ಯಾಟರಿ ಎಷ್ಟು ದಿನ ಬಂದೀತು? ಎರಡು ಒಳ್ಳೆಯ ಸೆಲ್ ಸಾಲಾಗಿ ಜೋಡಿಸಿದರೆ ಸುಮಾರು 2500 ಮಿಲಿಆಂಪಿಯರ್ ಗಂಟೆ ಎಂದು ಹಿಡಿಯಿರಿ. ರೇಡಿಯೋ ಮತ್ತು ಪ್ರೊಸೆಸರ್ ಸೇರಿ 20 ಮಿಲಿಆಂಪಿಯರ್ ಎಳೆದರೆ 125 ಗಂಟೆ. ಐದು ದಿನ. ಶನಿವಾರ ನೆಟ್ಟು ಬಂದ ಜಾಲ ಗುರುವಾರ ಸತ್ತಿರುತ್ತದೆ. ಅಷ್ಟರಲ್ಲಿ ನೀವು ಎಂಥ ಜಾಣ ರೂಟಿಂಗ್ ಮಾಡಿದ್ದರೂ ಉಳಿಸಿದ್ದು ದಿನಕ್ಕೆ ಒಂದು ಸೆಕೆಂಡಿನ ಒಂದು ಪಾಲು.

ಅದೇ ರೇಡಿಯೋವನ್ನು ನೂರರಲ್ಲಿ ಒಂದು ಪಾಲು ಸಮಯ ಮಾತ್ರ ಎಬ್ಬಿಸಿ ಉಳಿದ ಹೊತ್ತು ಮಲಗಿಸಿದರೆ ಸರಾಸರಿ 0.2 ಮಿಲಿಆಂಪಿಯರ್. 12,500 ಗಂಟೆ, ಅಂದರೆ ಹದಿನೇಳು ತಿಂಗಳು. ಐದು ದಿನ ಎಲ್ಲಿ, ಹದಿನೇಳು ತಿಂಗಳು ಎಲ್ಲಿ! ಈ ಎದ್ದಿರುವ ಪಾಲಿಗೆ ಡ್ಯೂಟಿ ಸೈಕಲ್ ಎನ್ನುತ್ತಾರೆ. ಸೆನ್ಸರ್ ಜಾಲದ ಶಕ್ತಿಯ ಬಗ್ಗೆ ಒಂದೇ ಒಂದು ಅಂಕಿ ಕೇಳುವ ಅವಕಾಶ ಇದ್ದರೆ ನಾನು ಇದನ್ನೇ ಕೇಳುತ್ತೇನೆ.

ಎಲ್ಲರೂ ಮಲಗಿದರೆ ದಾಟಿಸುವವರು ಯಾರು? ಇದಕ್ಕೆ ಬೇರೆ ಬೇರೆ ಉಪಾಯಗಳಿವೆ. 2002ರ ಎಸ್‌ಮ್ಯಾಕ್ ಎಂಬ ವಿಧಾನದಲ್ಲಿ ಅಕ್ಕಪಕ್ಕದ ನೋಡ್‌ಗಳು ಒಂದೇ ವೇಳಾಪಟ್ಟಿಯಲ್ಲಿ ಏಳುತ್ತವೆ, ಮಲಗುತ್ತವೆ. 2004ರ ಬಿಮ್ಯಾಕ್‌ನಲ್ಲಿ ವೇಳಾಪಟ್ಟಿ ಇಲ್ಲ. ಪ್ರತಿ ನೋಡ್ ಆಗಾಗ ಒಂದು ಕ್ಷಣ ಎದ್ದು ಗಾಳಿಯಲ್ಲಿ ಸದ್ದಿದೆಯಾ ಎಂದು ನೋಡಿ ಮಲಗುತ್ತದೆ. ಕಳಿಸಬೇಕಾದವನು ಪ್ಯಾಕೆಟ್‌ಗೆ ಮುಂಚೆ ಉದ್ದವಾದ ಒಂದು ಕೂಗು ಹಾಕುತ್ತಾನೆ. ಆ ಕೂಗು ಮುಗಿಯುವುದರೊಳಗೆ ಎಲ್ಲರೂ ಒಮ್ಮೆಯಾದರೂ ಎದ್ದಿರುತ್ತಾರೆ.

ಈ ಉಪಾಯದೊಳಗೆ ಒಂದು ಗುಪ್ತ ಖರ್ಚಿದೆ. ರೂಟಿಂಗ್ ಮಾಡುವವರು ಇದನ್ನು ತಿಳಿದಿರಲೇಬೇಕು. ನೋಡ್‌ಗಳು ಸೆಕೆಂಡಿಗೊಮ್ಮೆ ಏಳುತ್ತವೆ ಎಂದರೆ ಕೂಗು ಒಂದು ಸೆಕೆಂಡ್ ಉದ್ದ ಇರಬೇಕು. 288 ಪ್ಯಾಕೆಟ್‌ಗೆ 288 ಸೆಕೆಂಡ್, ಐದು ನಿಮಿಷವೂ ಆಗಲಿಲ್ಲ. ಪರವಾಗಿಲ್ಲ. ಆದರೆ ನಿಮ್ಮ ರೇಡಿಯೋಗೆ ಕೇಳಿಸುವಷ್ಟು ಹತ್ತಿರ ಇಪ್ಪತ್ತು ನೋಡ್‌ಗಳಿದ್ದರೆ? ಅವರೆಲ್ಲರ ಕೂಗೂ ನಿಮ್ಮ ಕಿವಿಗೆ ಬೀಳುತ್ತದೆ. ನೀವು ಸರಾಸರಿ ಕೂಗಿನ ಮಧ್ಯದಲ್ಲಿ ಏಳುತ್ತೀರಿ, ಮುಗಿಯುವವರೆಗೆ ಅರ್ಧ ಸೆಕೆಂಡ್ ಕಾಯುತ್ತೀರಿ, ಆಮೇಲೆ ಪ್ಯಾಕೆಟ್ ನನ್ನದಲ್ಲ ಎಂದು ಗೊತ್ತಾಗುತ್ತದೆ. ಇಪ್ಪತ್ತನ್ನು 288ರಿಂದ ಗುಣಿಸಿ, ಅರ್ಧ ಮಾಡಿ. 2880 ಸೆಕೆಂಡ್. ಸ್ವಂತ ಮಾತಿಗೆ ಐದು ನಿಮಿಷ, ಪರರ ಮಾತು ಕೇಳಲು ನಲವತ್ತೆಂಟು ನಿಮಿಷ!

ಪ್ಯಾಕೆಟ್ ಹಲವು ಜಿಗಿತ ದಾಟುವಾಗ ಈ ಖರ್ಚು ಇನ್ನೂ ಏರುತ್ತದೆ. ಪ್ರತಿ ಜಿಗಿತದಲ್ಲೂ ಅದೇ ಮಾತು ಮತ್ತೊಮ್ಮೆ ಗಾಳಿಗೆ ಬೀಳುತ್ತದೆ, ಸುತ್ತಲಿನವರೆಲ್ಲ ಮತ್ತೊಮ್ಮೆ ಏಳುತ್ತಾರೆ. ನೂರು ಮೀಟರ್ ಲೆಕ್ಕದಲ್ಲಿ ಕಳಿಸುವವನ ಖರ್ಚು, ಸ್ವೀಕರಿಸುವವನ ಖರ್ಚು ಮಾತ್ರ ಕೂಡಿದ್ದೆವು. ಕೇಳಿಸಿಕೊಂಡ ನೆರೆಯವರ ಖರ್ಚು ಅಲ್ಲಿ ಇರಲೇ ಇಲ್ಲ.

ಇದು ಬರೀ ಕಾಗದದ ಆತಂಕ ಅಲ್ಲ. ಅಮೆರಿಕದ ಮೇನ್ ರಾಜ್ಯದ ಕರಾವಳಿಯಾಚೆ ಗ್ರೇಟ್ ಡಕ್ ಐಲೆಂಡ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿ ಪೆಟ್ರೆಲ್ ಎಂಬ ಕಡಲ ಹಕ್ಕಿಗಳು ನೆಲದಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತವೆ. ಮನುಷ್ಯರು ಪದೇ ಪದೇ ಹೋಗಿ ಇಣುಕಿದರೆ ಹಕ್ಕಿಗಳಿಗೆ ತೊಂದರೆ. ಅದಕ್ಕೆ ಬರ್ಕ್‌ಲಿಯ ಇಂಟೆಲ್ ಸಂಶೋಧನಾ ಕೇಂದ್ರ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮತ್ತು ಮೇನ್‌ನ ಕಾಲೇಜ್ ಆಫ್ ದಿ ಅಟ್ಲಾಂಟಿಕ್ ಸೇರಿ 2002ರಲ್ಲಿ ಬಿಲಗಳ ಒಳಗೂ ಹೊರಗೂ 32 ನೋಡ್ ಇಟ್ಟವು. ಬ್ಯಾಟರಿ ಬದಲಿಸದೆ ಒಂಬತ್ತು ತಿಂಗಳು ನಡೆಯಬೇಕು ಎಂಬುದು ಗುರಿ. ಮುಂದಿನ ವರ್ಷ ನಾಲ್ಕು ತಿಂಗಳ ಕಾಲ ಸುಮಾರು 150 ಸಾಧನಗಳೊಂದಿಗೆ ಇನ್ನೂ ದೊಡ್ಡ ಪ್ರಯೋಗ ನಡೆಯಿತು. ಅದರಲ್ಲಿ ಎರಡು ಬಗೆಯ ಜಾಲಗಳಿದ್ದವು. ಒಂದರಲ್ಲಿ ಎಲ್ಲ ನೋಡ್‌ಗಳೂ ನೇರವಾಗಿ, ಬೇಸ್ ಸ್ಟೇಷನ್‌ನಂತೆ ಮಾಹಿತಿ ಸಂಗ್ರಹಿಸುವ ಗೇಟ್‌ವೇ ಜೊತೆ ಮಾತಾಡುತ್ತಿದ್ದವು, ಇನ್ನೊಂದರಲ್ಲಿ ಪ್ಯಾಕೆಟ್‌ಗಳು ನೋಡ್‌ನಿಂದ ನೋಡ್‌ಗೆ ಜಿಗಿಯುತ್ತಿದ್ದವು.

ನೇರ ಜಾಲದ ಆಯುಷ್ಯ ಅವರು ಮೊದಲೇ ಲೆಕ್ಕ ಹಾಕಿದ ಹಾಗೆ ಬಂತು. ಜಿಗಿತದ ಜಾಲದಲ್ಲಿ ಲೆಕ್ಕ ತಪ್ಪಿತು. ಪರರ ಮಾತು ಕಿವಿಗೆ ಬಿದ್ದು ಆಗುವ ಖರ್ಚನ್ನು ಕಡಿಮೆ ಅಂದಾಜು ಮಾಡಿದ್ದೆವು ಎಂದು ಅವರೇ 2004ರ ಪ್ರಬಂಧದಲ್ಲಿ ಬರೆದಿದ್ದಾರೆ. ಆ ಕ್ಷೇತ್ರದ ಅತ್ಯುತ್ತಮ ತಂಡಗಳಲ್ಲಿ ಒಂದು ಅದು. ಆ ಪ್ರಾಮಾಣಿಕ ವರದಿ ನೂರು ಸಿಮ್ಯುಲೇಶನ್‌ಗಳಿಗಿಂತ ಹೆಚ್ಚು ಕಲಿಸುತ್ತದೆ ಎಂದು ನನ್ನ ಅನಿಸಿಕೆ.

ಆಮೇಲೆ ಬಂದ ಉಪಾಯಗಳು ನೇರವಾಗಿ ಇದೇ ಗಾಯಕ್ಕೆ ಮದ್ದು. 2006ರ ಎಕ್ಸ್‌ಮ್ಯಾಕ್ ಉದ್ದ ಕೂಗನ್ನು ತುಂಡು ತುಂಡು ಮಾಡಿ ಪ್ರತಿ ತುಂಡಿನಲ್ಲೂ ವಿಳಾಸ ಇಟ್ಟಿತು. ತನ್ನದಲ್ಲ ಎಂದು ಗೊತ್ತಾದವನು ತಕ್ಷಣ ಮಲಗುತ್ತಾನೆ. ತನ್ನದಾದವನು ‘ಬಂದೆ’ ಎಂದು ಉತ್ತರ ಕೊಟ್ಟು ಕೂಗನ್ನೇ ನಿಲ್ಲಿಸುತ್ತಾನೆ. ಕಾರ್ಖಾನೆಗಳಲ್ಲಿ ಬಳಸುವ ವೈರ್‌ಲೆಸ್‌ಹಾರ್ಟ್ ಇನ್ನೂ ಕಟ್ಟುನಿಟ್ಟು. ಅಲ್ಲಿ ಎಲ್ಲ ನೋಡ್‌ಗಳ ಗಡಿಯಾರ ಒಂದೇ. ಯಾರು ಯಾರಿಗೆ ಯಾವ ಮಿಲಿಸೆಕೆಂಡಿನಲ್ಲಿ ಕಳಿಸಬೇಕು ಎಂದು ಮೊದಲೇ ನಿಗದಿ. ಉಳಿದವರು ನಿಶ್ಚಿಂತೆಯಿಂದ ಮಲಗಬಹುದು.

ಹತ್ತಿರ ಇದ್ದವರೇ ಮೊದಲು ಸಾಯುತ್ತಾರೆ

ನಿದ್ದೆಯ ವ್ಯವಸ್ಥೆ ಸರಿ ಮಾಡಿದ ಮೇಲೆ ರೂಟಿಂಗ್‌ನ ನಿಜವಾದ ಕೆಲಸ ಶುರುವಾಗುತ್ತದೆ. ಆ ಕೆಲಸ ಹೊರೆ ಹಂಚುವುದು.

ಬೇಸ್ ಸ್ಟೇಷನ್ ಮಧ್ಯದಲ್ಲಿದೆ. ಸುತ್ತ ನೋಡ್‌ಗಳು ಸಮನಾಗಿ ಹರಡಿವೆ. ಅತಿ ದೂರದ ನೋಡ್ ಐದು ಜಿಗಿತ ಆಚೆ ಇದೆ. ಒಂದು ಜಿಗಿತದ ದೂರವನ್ನು ಒಂದು ಅಳತೆ ಎಂದರೆ ಇಡೀ ವೃತ್ತದ ವಿಸ್ತಾರ ಮೊದಲ ಉಂಗುರದ, ಅಂದರೆ ಬೇಸ್ ಸ್ಟೇಷನ್‌ಗೆ ಒಂದೇ ಜಿಗಿತದಲ್ಲಿ ಮುಟ್ಟುವ ಜಾಗದ, ಇಪ್ಪತ್ತೈದು ಪಟ್ಟು. ಎಲ್ಲರ ಪ್ಯಾಕೆಟ್‌ಗಳೂ ಕೊನೆಗೆ ಮೊದಲ ಉಂಗುರ ದಾಟಲೇಬೇಕು. ಹಾಗಾಗಿ ಅಲ್ಲಿನ ಒಂದೊಂದು ನೋಡ್ ತನ್ನ ಒಂದು ಪ್ಯಾಕೆಟ್ ಜೊತೆ ಬೇರೆಯವರ ಇಪ್ಪತ್ನಾಲ್ಕನ್ನೂ ಹೊರಬೇಕು. ಅಂಚಿನಲ್ಲಿರುವ ನೋಡ್ ತನ್ನದೊಂದನ್ನು ಕಳಿಸಿ ಮಲಗುತ್ತದೆ.

ಮೊದಲ ಉಂಗುರ ಸತ್ತರೆ ಜಾಲವೇ ಸತ್ತ ಹಾಗೆ. ಹೊರಗಿನ ನೋಡ್‌ಗಳ ಸೆಲ್‌ನಲ್ಲಿ ಇನ್ನೂ ಬೇಕಾದಷ್ಟು ಚಾರ್ಜ್ ಇರುತ್ತದೆ, ಆದರೆ ಅವರ ಮಾತು ಯಾರಿಗೂ ತಲುಪುವುದಿಲ್ಲ. ಸಂಶೋಧಕರು ಇದನ್ನು ಎನರ್ಜಿ ಹೋಲ್ ಎಂದು ಕರೆಯುತ್ತಾರೆ. ಯಾವ ದಾರಿ ಹುಡುಕುವ ಸೂತ್ರವೂ ಇದನ್ನು ಪೂರ್ತಿ ಹೋಗಲಾಡಿಸಲಾರದು. ಯಾವ ದಾರಿ ಹಿಡಿದರೂ ಆ ಉಂಗುರ ದಾಟಲೇಬೇಕಲ್ಲ? ಬೇಸ್ ಸ್ಟೇಷನ್ ಹತ್ತಿರ ಹೆಚ್ಚು ನೋಡ್ ಇಡಬಹುದು, ಎರಡು ಮೂರು ಬೇಸ್ ಸ್ಟೇಷನ್ ಇಡಬಹುದು, ಬೇಸ್ ಸ್ಟೇಷನ್ನನ್ನೇ ಆಗಾಗ ಜಾಗ ಬದಲಿಸಬಹುದು. ನಮ್ಮ ಬಿಸಿಲಿನ ನಾಡಿನಲ್ಲಿ ನನಗೆ ಸರಿ ಎನಿಸುವುದು ಇನ್ನೂ ಸರಳ. ಮೊದಲ ಉಂಗುರದ ನೋಡ್‌ಗಳಿಗೆ ಸಣ್ಣ ಸೋಲಾರ್ ಪ್ಯಾನೆಲ್ ಕೊಟ್ಟುಬಿಡಿ. ಎಲ್ಲಕ್ಕೂ ಬೇಡ, ಆ ಕೆಲವಕ್ಕೆ ಸಾಕು.

ಉಂಗುರದೊಳಗೆ ಮಾತ್ರ ರೂಟಿಂಗ್‌ನ ಜಾಣತನ ಕೆಲಸಕ್ಕೆ ಬರುತ್ತದೆ. ಎರಡು ದಾರಿ ಇವೆ ಎಂದುಕೊಳ್ಳಿ. ಒಂದರ ಒಟ್ಟು ಖರ್ಚು ಕಮ್ಮಿ, ಆದರೆ ನಡುವಿನ ಒಂದು ನೋಡ್‌ನಲ್ಲಿ ಐದು ಪರ್ಸೆಂಟ್ ಬ್ಯಾಟರಿ ಉಳಿದಿದೆ. ಇನ್ನೊಂದರ ಖರ್ಚು ಸ್ವಲ್ಪ ಹೆಚ್ಚು, ಎಲ್ಲ ನೋಡ್‌ಗಳಲ್ಲೂ ಅರ್ಧಕ್ಕಿಂತ ಹೆಚ್ಚು ಬ್ಯಾಟರಿ ಇದೆ. ಒಟ್ಟು ಶಕ್ತಿ ಉಳಿಸಬೇಕು ಎಂದರೆ ಮೊದಲನೆಯದು. ಜಾಲ ಹೆಚ್ಚು ಕಾಲ ಬದುಕಬೇಕು ಎಂದರೆ ಎರಡನೆಯದು. ಈ ಎರಡೂ ಒಂದೇ ಅಲ್ಲ ಎಂಬುದನ್ನು 1998ರಲ್ಲೇ ಸಿಂಗ್, ವೂ ಮತ್ತು ರಾಘವೇಂದ್ರ ತೋರಿಸಿದ್ದರು. ಜಾಲದ ಆಯುಷ್ಯ ಎಂದರೆ ಮೊದಲ ನೋಡ್ ಸಾಯುವವರೆಗೋ, ಅರ್ಧ ಸಾಯುವವರೆಗೋ, ಕೊನೆಯದು ಸಾಯುವವರೆಗೋ? ಪ್ರಬಂಧ ಓದುವಾಗ ಇದನ್ನು ಮೊದಲು ಹುಡುಕಿ. ಕೊನೆಯ ನೋಡ್ ಸಾಯುವವರೆಗೆ ಎಂದು ಬರೆದಿದ್ದರೆ ಆ ಅಂಕಿಗೆ ಹೊಲದಲ್ಲಿ ಬೆಲೆ ಇಲ್ಲ.

ಲೀಚ್ ಎಂಬ ಸರದಿ ಪದ್ಧತಿ

ಮೇಲೆ ಹೇಳಿದ ಎಂಐಟಿ ಪ್ರಬಂಧ ಮಂಡಿಸಿದ ರೂಟಿಂಗ್ ವಿಧಾನದ ಹೆಸರು ಲೀಚ್. ಈ ಕ್ಷೇತ್ರದಲ್ಲಿ ಇದಕ್ಕಿಂತ ಹೆಚ್ಚು ಓದಿಸಿಕೊಂಡ ವಿಧಾನ ಸಿಗುವುದು ಕಷ್ಟ. ನೋಡ್‌ಗಳು ಗುಂಪು ಗುಂಪಾಗುತ್ತವೆ. ಗುಂಪಿಗೊಬ್ಬ ಮುಖಂಡ, ಅವನೇ ಕ್ಲಸ್ಟರ್ ಹೆಡ್. ಸದಸ್ಯರು ಹತ್ತಿರದ ಮುಖಂಡನಿಗೆ ಮೆಲ್ಲಗೆ ಹೇಳುತ್ತಾರೆ. ಮುಖಂಡ ಎಲ್ಲರ ಅಳತೆ ಸೇರಿಸಿ ಒಂದು ಮಾಡಿ ಬೇಸ್ ಸ್ಟೇಷನ್‌ಗೆ ಜೋರಾಗಿ ಕಳಿಸುತ್ತಾನೆ. ಮುಖಂಡನ ಕೆಲಸ ದುಬಾರಿ, ಒಬ್ಬನೇ ಮಾಡಿದರೆ ಬೇಗ ಸಾಯುತ್ತಾನೆ. ಹಾಗಾಗಿ ಸರದಿ.

ಸರದಿ ನಡೆಸಲು ಮೇಲಿನಿಂದ ಯಾರೂ ಹೇಳಬೇಕಾಗಿಲ್ಲ, ಇದೇ ಅದರ ಸೊಗಸು. ನೂರರಲ್ಲಿ ಐದು ನೋಡ್ ಮುಖಂಡರಾಗಬೇಕು ಎಂದಿಟ್ಟುಕೊಳ್ಳಿ. ಇಪ್ಪತ್ತು ಸುತ್ತಿಗೆ ಎಲ್ಲರಿಗೂ ಒಮ್ಮೆ ಸರದಿ ಬರಬೇಕು. ಪ್ರತಿ ಸುತ್ತಿನ ಶುರುವಿನಲ್ಲಿ ಪ್ರತಿ ನೋಡ್ ಸೊನ್ನೆಯಿಂದ ಒಂದರೊಳಗೆ ಒಂದು ಸಂಖ್ಯೆಯನ್ನು ಲಾಟರಿ ಎತ್ತಿದ ಹಾಗೆ ಆರಿಸುತ್ತದೆ. ಅದು ಒಂದು ಮಿತಿಗಿಂತ ಕಡಿಮೆ ಇದ್ದರೆ ಈ ಸಲ ತಾನೇ ಮುಖಂಡ. ಮೊದಲ ಸುತ್ತಿನಲ್ಲಿ ಮಿತಿ 0.05. ಒಮ್ಮೆ ಮುಖಂಡನಾದವನು ಇಪ್ಪತ್ತು ಸುತ್ತು ಮುಗಿಯುವವರೆಗೆ ಆಟದಿಂದ ಹೊರಗೆ. ಉಳಿದವರಿಗೆ ಮಿತಿ ಸುತ್ತಿನಿಂದ ಸುತ್ತಿಗೆ ಏರುತ್ತದೆ. ಹತ್ತು ಸುತ್ತು ಕಳೆದಾಗ 0.1, ಕೊನೆಯ ಸುತ್ತಿನಲ್ಲಿ 1. ಅಲ್ಲಿಯವರೆಗೆ ತಪ್ಪಿಸಿಕೊಂಡವರೆಲ್ಲ ಆಗ ಹೊರಲೇಬೇಕು. ಸದಸ್ಯರಿಗೆ ಮುಖಂಡ ಸಮಯ ಹಂಚಿಕೊಡುತ್ತಾನೆ, ತನ್ನ ಸರದಿ ಬರುವವರೆಗೆ ಸದಸ್ಯ ರೇಡಿಯೋ ಆಫ್ ಮಾಡಿ ಮಲಗಬಹುದು. ಲೀಚ್‌ನ ನಿಜವಾದ ಬಲ ಈ ಕೊನೆಯ ಸಾಲಿನಲ್ಲಿದೆ. ಪಾಠಗಳಲ್ಲಿ ಅದಕ್ಕೆ ಸಿಗುವ ಜಾಗ ಮಾತ್ರ ಸ್ವಲ್ಪ.

ಕೊರತೆಗಳೂ ಇವೆ. ಲಾಟರಿಯಲ್ಲಿ ಬ್ಯಾಟರಿ ಎಷ್ಟು ಉಳಿದಿದೆ ಎಂಬುದರ ಪರಿಗಣನೆ ಇಲ್ಲ. ಮುಖಂಡರೆಲ್ಲ ಒಂದೇ ಮೂಲೆಯಲ್ಲಿ ಬೀಳಬಹುದು. ಎಲ್ಲ ನೋಡ್‌ಗಳೂ ಬೇಸ್ ಸ್ಟೇಷನ್‌ಗೆ ನೇರವಾಗಿ ಮುಟ್ಟುತ್ತವೆ ಎಂದು ಊಹಿಸಿದೆ, ದೊಡ್ಡ ಹೊಲದಲ್ಲಿ ಅದು ಸಾಧ್ಯವಿಲ್ಲ. 2004ರ ಹೀಡ್ ಎಂಬ ವಿಧಾನ ಉಳಿದ ಬ್ಯಾಟರಿ ನೋಡಿ ಮುಖಂಡರನ್ನು ಆರಿಸುತ್ತದೆ. 2002ರ ಪೆಗಾಸಿಸ್ ಗುಂಪಿನ ಬದಲು ಎಲ್ಲರನ್ನೂ ಒಂದೇ ಸರಪಳಿ ಮಾಡುತ್ತದೆ. ಖರ್ಚು ಕಮ್ಮಿ, ಆದರೆ ಸುದ್ದಿ ತಲುಪಲು ತಡ.

ಲೀಚ್ ಹೆಸರಿನ ಹಿಂದೆ ಮುಂದೆ ಒಂದು ಅಕ್ಷರ ಸೇರಿಸಿ ಹುಟ್ಟಿದ ವಿಧಾನಗಳು ಲೆಕ್ಕವಿಲ್ಲದಷ್ಟು. ಬಹುಪಾಲು ಮ್ಯಾಟ್‌ಲ್ಯಾಬ್ ಎಂಬ ಲೆಕ್ಕಾಚಾರದ ಸಾಫ್ಟ್‌ವೇರ್‌ನಲ್ಲೇ ಹುಟ್ಟಿ ಅಲ್ಲೇ ಉಳಿದವು. ನೀವು ಇಂಥ ಪ್ರಾಜೆಕ್ಟ್ ಮಾಡುತ್ತಿದ್ದರೆ ನನ್ನ ಕೋರಿಕೆ ಇಷ್ಟೇ. ನಿಮ್ಮ ಕೋಡ್‌ನಲ್ಲಿ ಇನ್ನೊಂದು ಸಾಲು ಸೇರಿಸಿ. ಪ್ರತಿ ನೋಡ್ ರೇಡಿಯೋ ತೆರೆದು ಕಾದ ಸಮಯವನ್ನು 18.8 ಮಿಲಿಆಂಪಿಯರ್‌ನಿಂದ ಗುಣಿಸಿ ಬ್ಯಾಟರಿಯಿಂದ ಕಳೆಯಿರಿ. ನೆರೆಯವರ ಮಾತು ಕೇಳಿಸಿಕೊಂಡ ಸಮಯವನ್ನೂ ಕಳೆಯಿರಿ. ಆಮೇಲೆ ಮತ್ತೆ ಗ್ರಾಫ್ ಎಳೆಯಿರಿ. ಮೊದಲು ಗೆದ್ದ ವಿಧಾನವೇ ಈಗಲೂ ಗೆಲ್ಲುತ್ತದೆಯೇ ನೋಡಿ. ಗೆಲ್ಲದಿದ್ದರೆ ಅದೇ ನಿಮ್ಮ ಪ್ರಾಜೆಕ್ಟಿನ ಅತಿ ಒಳ್ಳೆಯ ಪುಟ.

ಕಡಿಮೆ ಹೇಳುವುದು

ಕಳಿಸದ ಪ್ಯಾಕೆಟ್‌ನಷ್ಟು ಅಗ್ಗದ ಪ್ಯಾಕೆಟ್ ಇಲ್ಲ. ದಾರಿಯಲ್ಲೇ ಮಾಹಿತಿಯನ್ನು ಸೇರಿಸಿ ಸಣ್ಣದು ಮಾಡುವುದು ಒಂದು ಬಗೆ. ಅತಿ ಹೆಚ್ಚು ಉಷ್ಣಾಂಶ ಬೇಕು ಎಂದರೆ ನಡುವಿನ ನೋಡ್ ತನಗೆ ಬಂದ ಎಲ್ಲದರಲ್ಲಿ ದೊಡ್ಡದನ್ನು ಮಾತ್ರ ಮುಂದೆ ಕಳಿಸಿದರೆ ಸಾಕು. ಸರಾಸರಿಗೆ ಸ್ವಲ್ಪ ಎಚ್ಚರ ಬೇಕು. ಒಂದು ಕಡೆ ಮೂರು ನೋಡ್‌ಗಳ ಸರಾಸರಿ 30 ಡಿಗ್ರಿ, ಇನ್ನೊಂದು ಕಡೆ ಒಂದೇ ನೋಡ್, 26 ಡಿಗ್ರಿ. ಎರಡರ ಸರಾಸರಿ ತೆಗೆದರೆ 28 ಬರುತ್ತದೆ, ನಿಜವಾದದ್ದು 29. ಅದಕ್ಕೇ ಮೊತ್ತ ಮತ್ತು ಎಣಿಕೆ ಎರಡನ್ನೂ ಕಳಿಸಬೇಕು.

ಇನ್ನೊಂದು ಬಗೆ, ಬದಲಾದಾಗ ಮಾತ್ರ ಹೇಳುವುದು. 2001ರ ಟೀನ್ ಎಂಬ ವಿಧಾನದಲ್ಲಿ ಅಳತೆ ಒಂದು ಗಡಿ ದಾಟಿದಾಗ ಮತ್ತು ಹಿಂದಿನದಕ್ಕಿಂತ ಸಾಕಷ್ಟು ಬದಲಾದಾಗ ಮಾತ್ರ ನೋಡ್ ಬಾಯಿ ತೆರೆಯುತ್ತದೆ. ಕೇರಳದ ಮುನ್ನಾರ್‌ನಲ್ಲಿ ಅಮೃತ ವಿಶ್ವವಿದ್ಯಾಲಯ ಭೂಕುಸಿತದ ಮುನ್ಸೂಚನೆಗಾಗಿ ಗುಡ್ಡದ ಇಳಿಜಾರಿನಲ್ಲಿ ಸೆನ್ಸರ್ ಜಾಲ ಹಾಕಿದೆ. ಅಂಥ ಕಡೆ ಬೇಸಿಗೆಯ ತಿಂಗಳುಗಳಲ್ಲಿ ಮಣ್ಣಿನೊಳಗೆ ಹೇಳುವಂಥದ್ದು ಏನೂ ನಡೆಯುವುದಿಲ್ಲ. ಜಡಿಮಳೆ ಹಿಡಿದಾಗ ನಿಮಿಷ ನಿಮಿಷವೂ ಮುಖ್ಯ. ಒಂದೇ ವೇಗದಲ್ಲಿ ವರ್ಷಪೂರ್ತಿ ಕಳಿಸುತ್ತಿದ್ದರೆ ಬೇಕಾದ ದಿನ ಬ್ಯಾಟರಿ ಇರುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಸುಮ್ಮನಿರುವ ನೋಡ್ ಹೇಳಲು ಏನೂ ಇಲ್ಲದೆ ಸುಮ್ಮನಿದೆಯೋ, ಸತ್ತು ಸುಮ್ಮನಿದೆಯೋ ತಿಳಿಯುವುದಿಲ್ಲ. ದಿನಕ್ಕೊಮ್ಮೆಯಾದರೂ ‘ಇದ್ದೇನೆ’ ಎಂದು ಹೇಳಿಸಲೇಬೇಕು.

ಮೂರನೆಯದು, ಒಂದೇ ಮಾತನ್ನು ಎರಡೆರಡು ಸಲ ಹೇಳಬೇಕಾದ ಪರಿಸ್ಥಿತಿ ತಪ್ಪಿಸುವುದು. ರೇಡಿಯೋ ಕೊಂಡಿ ಎಂದರೆ ಇದೆ ಅಥವಾ ಇಲ್ಲ ಎಂಬಂತಲ್ಲ. ಹತ್ತರಲ್ಲಿ ಐದು ತಲುಪುವ ಕೊಂಡಿಗಳೇ ಬಹಳ. ಹೋಗುವಾಗ ಅರ್ಧ, ತಲುಪಿತು ಎಂಬ ಉತ್ತರ ಬರುವಾಗ ಅರ್ಧ ಕಳೆದುಹೋದರೆ ಒಂದೇ ಉದ್ದ ಜಿಗಿತದಲ್ಲಿ ಒಂದು ಪ್ಯಾಕೆಟ್ ದಾಟಿಸಲು ಸರಾಸರಿ ನಾಲ್ಕು ಸಲ ಕಳಿಸಬೇಕು. ಎರಡೂ ದಿಕ್ಕಿನಲ್ಲಿ ಹತ್ತರಲ್ಲಿ ಒಂಬತ್ತು ತಲುಪುವ ಎರಡು ಜಿಗಿತಕ್ಕೆ ಒಟ್ಟು ಎರಡೂವರೆ ಸಲ ಸಾಕು. ಉದ್ದ ಜಿಗಿತ ಅಗ್ಗ ಅನಿಸಿದರೂ ದುಬಾರಿ. ಈ ಎಣಿಕೆಗೆ ಇಟಿಎಕ್ಸ್ ಎಂದು ಹೆಸರು. ಎಂಐಟಿಯಲ್ಲಿ 2003ರಲ್ಲಿ ಬಂದದ್ದು. ನನ್ನ ದೃಷ್ಟಿಯಲ್ಲಿ ದೂರದ ವರ್ಗದ ಸೂತ್ರಕ್ಕಿಂತ ಇದೇ ಹೊಲಕ್ಕೆ ಹತ್ತಿರ.

ದಾರಿ ಬದಲಾಗಿದೆಯೇ ಎಂದು ನೋಡಿಕೊಳ್ಳಲು ನೋಡ್‌ಗಳು ಆಗಾಗ ಪರಸ್ಪರ ಸುದ್ದಿ ಹೇಳಿಕೊಳ್ಳಬೇಕು. ಅದಕ್ಕೂ ಶಕ್ತಿ ಬೇಕು. 2004ರ ಟ್ರಿಕಲ್ ಎಂಬ ಪುಟ್ಟ ಉಪಾಯ ಇಲ್ಲಿ ಬಹಳ ಚೆಂದ. ಎಲ್ಲ ಸರಿ ಇದ್ದರೆ ಸುದ್ದಿಯ ನಡುವಿನ ಬಿಡುವು ಎರಡು ಪಟ್ಟು, ನಾಲ್ಕು ಪಟ್ಟು, ಎಂಟು ಪಟ್ಟು ಹೀಗೆ ಹಿಗ್ಗುತ್ತದೆ. ನೆರೆಯವರು ಆಗಲೇ ಅದೇ ಸುದ್ದಿ ಹೇಳಿದ್ದು ಕೇಳಿಸಿದರೆ ತಾನು ಸುಮ್ಮನಿರುತ್ತದೆ. ಏನಾದರೂ ಬದಲಾದ ತಕ್ಷಣ ಬಿಡುವು ಮತ್ತೆ ಚಿಕ್ಕದಾಗಿ ಸುದ್ದಿ ಬೇಗ ಹರಡುತ್ತದೆ. 2012ರಲ್ಲಿ ಆರ್‌ಎಫ್‌ಸಿ 6550 ಎಂದು ಪ್ರಕಟವಾದ ಆರ್‌ಪಿಎಲ್ ಎಂಬ ಇಂಟರ್ನೆಟ್ ಮಾನದಂಡ ಟ್ರಿಕಲ್ ಅನ್ನೇ ಬಳಸುತ್ತದೆ, ಇಟಿಎಕ್ಸ್‌ನಂಥ ಅಳತೆಗೂ ಅದರಲ್ಲಿ ಜಾಗವಿದೆ. ಸ್ಮಾರ್ಟ್ ಮೀಟರ್‌ಗಳಲ್ಲಿ ಬಳಸುವ ವೈ-ಸನ್ ಜಾಲದ ಒಳಗೆ ಇರುವುದೂ ಇದೇ ಆರ್‌ಪಿಎಲ್.

ಇಷ್ಟೆಲ್ಲ ಉಪಾಯಗಳನ್ನು ಒಂದೇ ನೋಡ್‌ನಲ್ಲಿ ಕೂಡಿಸುವುದೇ ದೊಡ್ಡ ಕೆಲಸ. ನೆದರ್ಲೆಂಡ್ಸ್‌ನ ಒಂದು ಆಲೂಗಡ್ಡೆ ಹೊಲದಲ್ಲಿ 109 ನೋಡ್‌ಗಳ ಜಾಲ ಹಾಕಿದ್ದರು. ನಮ್ಮ ಹಾಸನದ ಬೆಳೆಗಾರರಿಗೆ ಚೆನ್ನಾಗಿ ಗೊತ್ತಿರುವ ಅಂಗಮಾರಿ ರೋಗ ಯಾವಾಗ ಬರಬಹುದು ಎಂದು ತಿಳಿಯುವುದು ಉದ್ದೇಶ. ಕೊನೆಗೆ ಕೈಗೆ ಬಂದದ್ದು ಬರಬೇಕಿದ್ದ ಮಾಹಿತಿಯ ನೂರರಲ್ಲಿ ಎರಡು ಪಾಲು. 2006ರಲ್ಲಿ ಆ ತಂಡ ಏನೇನು ಕೆಟ್ಟಿತು ಎಂದು ಬಿಡಿಸಿ ಬರೆಯಿತು. ಬಿಡಿಬಿಡಿಯಾಗಿ ಸರಿ ಇದ್ದ ಸಾಫ್ಟ್‌ವೇರ್ ತುಣುಕುಗಳು ಒಟ್ಟು ಸೇರಿದಾಗ ಒಂದಕ್ಕೊಂದು ಹೊಂದಲಿಲ್ಲ.

ರೂಟಿಂಗನ್ನೇ ಬಿಟ್ಟರೆ?

ಕಳೆದ ಕೆಲವು ವರ್ಷಗಳಲ್ಲಿ ಹೊಲ, ತೋಟ, ನೀರಿನ ಟ್ಯಾಂಕ್ ಇಂಥ ಕಡೆ ಲೋರಾ ಎಂಬ ದೂರ ಮುಟ್ಟುವ ರೇಡಿಯೋದ ಮೇಲೆ ಕಟ್ಟಿದ ಲೋರಾವ್ಯಾನ್ ಜಾಲದ ಬಳಕೆ ಹೆಚ್ಚಾಗಿದೆ. ನಮ್ಮ ದೇಶದಲ್ಲಿ 865 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದು. ಬಯಲಿನಲ್ಲಿ ಕಿಲೋಮೀಟರ್‌ಗಟ್ಟಲೆ ಮುಟ್ಟುತ್ತದೆ. ಎಲ್ಲ ನೋಡ್‌ಗಳೂ ನೇರವಾಗಿ ಗೇಟ್‌ವೇಗೇ ಹೇಳುತ್ತವೆ. ದಾಟಿಸುವವರಿಲ್ಲ, ಎನರ್ಜಿ ಹೋಲ್ ಇಲ್ಲ, ಮುಖಂಡರಿಲ್ಲ.

ಗಮನಿಸಬೇಕಾದದ್ದು ಅದರ ಕಿವಿಯ ವ್ಯವಸ್ಥೆ. ಕ್ಲಾಸ್ ಎ ಎಂಬ ಸಾಮಾನ್ಯ ಬಗೆಯಲ್ಲಿ ನೋಡ್ ತಾನು ಮಾತಾಡಿದ ಮೇಲೆ ಎರಡು ಸಣ್ಣ ಅವಧಿ ಮಾತ್ರ ಕಿವಿ ತೆರೆಯುತ್ತದೆ. ಉಳಿದ ಹೊತ್ತೆಲ್ಲ ನಿದ್ದೆ. ಯಾರ ಪ್ಯಾಕೆಟ್ಟನ್ನೂ ದಾಟಿಸಬೇಕಾಗಿಲ್ಲವಾದ್ದರಿಂದ ಕಾಯುವ ಅಗತ್ಯವೇ ಇಲ್ಲ. ಒಂದು ಬ್ಯಾಟರಿಯಲ್ಲಿ ವರ್ಷಗಟ್ಟಲೆ ನಡೆಯುವ ಗುಟ್ಟು ಹೆಚ್ಚಾಗಿ ಇಲ್ಲೇ ಇದೆ.

ಅದಕ್ಕೂ ಬೆಲೆ ಇದೆ. ದೂರ ಹೋಗಲು ಲೋರಾ ನಿಧಾನವಾಗಿ ಮಾತಾಡುತ್ತದೆ. ಸ್ಪ್ರೆಡಿಂಗ್ ಫ್ಯಾಕ್ಟರ್ ಎಂಬ ಮೆಟ್ಟಿಲು 7ರಿಂದ 12ರವರೆಗೆ ಇದೆ. ಒಂದೊಂದು ಮೆಟ್ಟಿಲಿಗೂ ಪ್ಯಾಕೆಟ್ ಗಾಳಿಯಲ್ಲಿರುವ ಸಮಯ ಸುಮಾರು ದುಪ್ಪಟ್ಟು. ಗೇಟ್‌ವೇ ತುಂಬಾ ದೂರ ಇಟ್ಟು ಎಲ್ಲ ನೋಡ್‌ಗಳನ್ನೂ 12ಕ್ಕೆ ತಳ್ಳಿದರೆ ಬ್ಯಾಟರಿ ಬೇಗ ಹೋಗುತ್ತದೆ, ಪ್ಯಾಕೆಟ್‌ಗಳು ಒಂದಕ್ಕೊಂದು ಡಿಕ್ಕಿಯೂ ಹೊಡೆಯುತ್ತವೆ. ಇಲ್ಲಿ ರೂಟಿಂಗ್ ಸೂತ್ರದ ಜಾಗಕ್ಕೆ ಬಂದ ಪ್ರಶ್ನೆ ಒಂದೇ, ಗೇಟ್‌ವೇ ಎಲ್ಲಿ ನಿಲ್ಲಿಸಬೇಕು, ಎಷ್ಟು ಎತ್ತರಕ್ಕೆ ಕಟ್ಟಬೇಕು ಎಂಬುದು. ಪಾವಗಡದಂಥ ಬಯಲಿನಲ್ಲಿ ಓವರ್‌ಹೆಡ್ ಟ್ಯಾಂಕಿನ ತುದಿ ಸಿಕ್ಕರೆ ಅರ್ಧ ಸಮಸ್ಯೆ ಮುಗಿದಂತೆ. ಗಣಿಯ ಸುರಂಗ, ಕಬ್ಬಿಣ ತುಂಬಿದ ಕಾರ್ಖಾನೆ, ಮಲೆನಾಡಿನ ಕಣಿವೆ, ಇಂಥ ಕಡೆ ಒಂದೇ ಗೇಟ್‌ವೇಗೆ ಎಲ್ಲರೂ ಮುಟ್ಟುವುದಿಲ್ಲ. ಅಲ್ಲಿ ಜಿಗಿತದ ಜಾಲವೇ ಗತಿ, ಮತ್ತು ಅಲ್ಲಿ ಯಾವ ದಾರಿ ಎಂದು ಕೇಳುವ ಮುಂಚೆ ಯಾವ ನೋಡ್ ಯಾವ ಕ್ಷಣದಲ್ಲಿ ಎದ್ದಿರಬೇಕು ಎಂದು ಕೇಳಬೇಕಾಗುತ್ತದೆ.